ವೈದ್ಯರ ನೋಂದಣಿ ಪಟ್ಟಿಗಳು ರೋಗಿಗೆ ಎಷ್ಟು ಹೇಳುತ್ತವೆ? ಕಡತ ನೋಡುತ್ತಿದ್ದವಳ ವಿಮರ್ಶೆ

ಕಳೆದ ತಿಂಗಳು ತಂಗಿ ಫೋನ್ ಮಾಡಿದಳು. "ಅಕ್ಕ, ಮೊಣಕಾಲಿನ ಕೀಲು ಬದಲಾಯಿಸಲೇಬೇಕಂತೆ. ಆ ಡಾಕ್ಟರ್ ಹೇಗೆ, ಏನು ಎಂದು ಸ್ವಲ್ಪ ನೋಡಿ ಹೇಳು" ಎಂದಳು. ಅವಳು ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. 31 ವರ್ಷ ನಾನು ಮಾಡಿದ ಕೆಲಸವೇ ಅದು. ದೊಡ್ಡ ಆಸ್ಪತ್ರೆಯೊಂದರಲ್ಲಿ, ಕೆಲಸಕ್ಕೆ ಅರ್ಜಿ ಹಾಕಿದ ವೈದ್ಯರ ಮತ್ತು ನರ್ಸ್‌ಗಳ ದಾಖಲೆಗಳನ್ನು ಪರಿಶೀಲಿಸುವ ವಿಭಾಗದಲ್ಲಿದ್ದೆ. ಪದವಿ ನಿಜವೇ, ನೋಂದಣಿ ಚಾಲ್ತಿಯಲ್ಲಿದೆಯೇ, ಹಿಂದಿನ ಆಸ್ಪತ್ರೆ ಬಿಟ್ಟದ್ದು ಯಾಕೆ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಕಡತ ನನ್ನ ಮೇಜಿನಿಂದ ಮುಂದಕ್ಕೆ ಹೋಗುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು ಅಂಚೆ, ಫ್ಯಾಕ್ಸ್, ಟೆಲಿಫೋನ್. ಇಂದು ಯಾರು ಬೇಕಾದರೂ ಮೊಬೈಲಿನಲ್ಲಿ ವೈದ್ಯರ ಹೆಸರು ಹಾಕಿ ನೋಡಬಹುದು. ತಂಗಿಯ ನೆಪದಲ್ಲಿ ಎರಡು ವಾರ ಕುಳಿತು ಬೇರೆ ಬೇರೆ ದೇಶಗಳ ನೋಂದಣಿ ಪುಟಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಹೋಟೆಲಿನ ಬಗ್ಗೆ, ಫೋನಿನ ಬಗ್ಗೆ ಪುಟಗಟ್ಟಲೆ ವಿಮರ್ಶೆ ಬರೆಯುತ್ತೇವೆ. ನಮ್ಮ ಮೈಗೆ ಕತ್ತಿ ಹಾಕುವವರ ಅರ್ಹತೆಯನ್ನು ತಿಳಿಸಬೇಕಾದ ಈ ಸೇವೆಗಳ ಬಗ್ಗೆಯೂ ಬಳಸಿದವರು ಬರೆಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನನ್ನ ಅಳತೆಗೋಲು ಒಂದೇ. ಈ ವೈದ್ಯರು ಇಂದು ನೋಂದಾಯಿತರೇ ಎಂಬುದನ್ನು ಎಲ್ಲ ಪಟ್ಟಿಗಳೂ ಹೇಳುತ್ತವೆ. ನಿನ್ನೆ ಏನಾಗಿತ್ತು ಎಂಬುದನ್ನು ಹೇಳುತ್ತವೆಯೇ?

ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಿಂದ ಶುರು ಮಾಡಿದೆ. 1858ರ ವೈದ್ಯಕೀಯ ಕಾಯ್ದೆಯಿಂದ ಹುಟ್ಟಿದ ಈ ಪಟ್ಟಿ ಮೊದಲು ಅಚ್ಚಾದದ್ದು 1859ರಲ್ಲಿ. ಆ ಕಾಯ್ದೆಯ ಪೀಠಿಕೆ ನನಗೆ ಬಹಳ ಇಷ್ಟ. ವೈದ್ಯಕೀಯ ನೆರವು ಬೇಕಾದವರು ಅರ್ಹ ವೈದ್ಯರು ಯಾರು, ಅನರ್ಹರು ಯಾರು ಎಂದು ಗುರುತಿಸುವಂತಾಗಬೇಕು ಎಂಬುದೇ ಅದರ ಮೊದಲ ಮಾತು. ವೈದ್ಯರ ಘನತೆ, ವೃತ್ತಿಯ ಗೌರವ ಎಲ್ಲ ಆಮೇಲೆ. ಮೊದಲು ಬಂದದ್ದು ರೋಗಿ. ನೋಂದಣಿ ಎಂದರೆ ವೈದ್ಯರಿಗೆ ಸರ್ಕಾರ ಕೊಡುವ ಬಿರುದು ಎಂದುಕೊಂಡವರಿಗೆ ಈ ಒಂದು ವಾಕ್ಯವನ್ನು ತೋರಿಸಬೇಕು.

ಪುಟ ಸರಳವಾಗಿದೆ, ಹಣ ಕೊಡಬೇಕಾಗಿಲ್ಲ. ವೈದ್ಯರ ಏಳಂಕಿಯ ಸಂಖ್ಯೆಯನ್ನೋ ಹೆಸರನ್ನೋ ಹಾಕಿದರೆ ಪದವಿ ಕೊಟ್ಟ ವಿಶ್ವವಿದ್ಯಾಲಯ, ಪದವಿಯ ವರ್ಷ, ತಜ್ಞರ ಪಟ್ಟಿಯಲ್ಲಿದ್ದಾರೆಯೇ ಎಂಬ ವಿವರ, ಈಗ ಚಾಲ್ತಿಯಲ್ಲಿರುವ ಷರತ್ತುಗಳು ಕಾಣುತ್ತವೆ. ಇಲ್ಲಿ ಓದುಗರು ಗಮನಿಸಲೇಬೇಕಾದ ಒಂದು ವ್ಯತ್ಯಾಸವಿದೆ. "ನೋಂದಾಯಿತರು" ಎಂಬುದು ಬೇರೆ, "ಚಿಕಿತ್ಸೆ ನೀಡುವ ಪರವಾನಗಿ ಇರುವವರು" ಎಂಬುದು ಬೇರೆ. 2009ರಿಂದ ಅಲ್ಲಿ ಇವೆರಡನ್ನೂ ಬೇರ್ಪಡಿಸಿದ್ದಾರೆ. ನಿವೃತ್ತರಾದವರೂ ಸಂಶೋಧನೆಗೆ ಹೋದವರೂ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಬಹುದು, ಆದರೆ ಔಷಧ ಬರೆದುಕೊಡುವಂತಿಲ್ಲ. ಹೆಸರು ಕಂಡ ಕೂಡಲೇ ಪುಟ ಮುಚ್ಚಿಬಿಡುವವರಿಗೆ ಈ ಸಾಲು ತಪ್ಪಿಹೋಗುತ್ತದೆ. 2012ರ ಡಿಸೆಂಬರ್‌ನಿಂದ ಪರವಾನಗಿ ಉಳಿಸಿಕೊಳ್ಳಲು ವೈದ್ಯರು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಮರುಮಾನ್ಯತೆ ಪಡೆಯಬೇಕು. ಒಮ್ಮೆ ಪರೀಕ್ಷೆ ಪಾಸಾದರೆ ಜೀವನಪೂರ್ತಿ ವೈದ್ಯ ಎಂಬ ಹಳೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಆ ಬದಲಾವಣೆಯ ಹಿಂದೆ ಹ್ಯಾರಲ್ಡ್ ಶಿಪ್‌ಮನ್ ಎಂಬ ವೈದ್ಯನ ಪ್ರಕರಣದ ನೆರಳಿದೆ. ಆತ 1976ರಲ್ಲೇ ಪೆಥಿಡೀನ್ ಎಂಬ, ಚಟ ಹಿಡಿಸುವ ನೋವುನಿವಾರಕ ಪಡೆಯಲು ಸುಳ್ಳು ಚೀಟಿ ಬರೆದು ಶಿಕ್ಷೆಗೆ ಒಳಗಾಗಿದ್ದ. ಆದರೂ ಆತನ ಹೆಸರು ಪಟ್ಟಿಯಲ್ಲೇ ಉಳಿಯಿತು. 2000ದಲ್ಲಿ 15 ರೋಗಿಗಳ ಕೊಲೆ ಸಾಬೀತಾಯಿತು. ನಂತರ ನ್ಯಾಯಾಧೀಶೆ ಜಾನೆಟ್ ಸ್ಮಿತ್ ನೇತೃತ್ವದ ವಿಚಾರಣೆ 2002ರ ವರದಿಯಲ್ಲಿ ಸತ್ತವರ ಸಂಖ್ಯೆಯನ್ನು 215 ಎಂದು ಗುರುತಿಸಿತು. ಮೊದಲ ತಪ್ಪಿಗೇ ಹೆಸರು ತೆಗೆಯಬೇಕಿತ್ತು ಎಂದು ಹೇಳುವುದು ಇಂದು ಸುಲಭ. ನನ್ನ ಪ್ರಶ್ನೆ ಅದಲ್ಲ. ಆ ಮೊದಲ ತಪ್ಪು ಆತನ ಜೊತೆ ಕೆಲಸ ಮಾಡುವವರಿಗೆ, ಔಷಧದ ಲೆಕ್ಕ ನೋಡುವವರಿಗೆ ಕಣ್ಣೆದುರು ಇರಬೇಕಿತ್ತೇ, ಬೇಡವೇ?

ಹೀಗೆ ಕೇಳುವುದಕ್ಕೆ ನನ್ನ ಮೇಜಿನ ಮೇಲೆ ಬಂದ ಒಂದು ಕಡತ ಕಾರಣ. ಅರಿವಳಿಕೆ ತಜ್ಞರೊಬ್ಬರ ಅರ್ಜಿ. ಅಷ್ಟು ಅಚ್ಚುಕಟ್ಟಾದ ಕಡತವನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಒಂದೊಂದು ಪ್ರಮಾಣಪತ್ರವೂ ಬೇರೆ ಬೇರೆ ಪ್ಲಾಸ್ಟಿಕ್ ಹಾಳೆಯಲ್ಲಿ, ಪ್ರತಿ ನಕಲಿನ ಮೇಲೂ ಮೊಹರು, ಮೂವರು ಹಿರಿಯರ ಶಿಫಾರಸು ಪತ್ರ. ನೋಂದಣಿ ಚಾಲ್ತಿಯಲ್ಲಿತ್ತು, ಯಾವ ಷರತ್ತೂ ಇರಲಿಲ್ಲ. ನಾನು ಯಾವಾಗಲೂ ಮಾಡುವಂತೆ ಪೆನ್ಸಿಲ್ ಹಿಡಿದು ಕೆಲಸದ ದಿನಾಂಕಗಳನ್ನು ಒಂದರ ಕೆಳಗೆ ಒಂದು ಬರೆದುಕೊಂಡೆ. ಒಂದು ಆಸ್ಪತ್ರೆಯನ್ನು ಬಿಟ್ಟದ್ದು ಮಾರ್ಚ್‌ನಲ್ಲಿ, ಮುಂದಿನದಕ್ಕೆ ಸೇರಿದ್ದು ಮರುವರ್ಷದ ಜೂನ್‌ನಲ್ಲಿ. ನಡುವೆ ಹದಿನೈದು ತಿಂಗಳು. ಅರ್ಜಿಯಲ್ಲಿ ಆ ಜಾಗದಲ್ಲಿ "ವೈಯಕ್ತಿಕ ಕಾರಣ" ಎಂಬ ಎರಡೇ ಪದ.

ಮೇಲಿನವರು "ನೋಂದಣಿ ಸರಿಯಾಗಿದೆಯಲ್ಲ, ಕಳುಹಿಸಿ" ಎಂದರು. ನಾನು ಕಳುಹಿಸಲಿಲ್ಲ. ಹಿಂದಿನ ಆಸ್ಪತ್ರೆಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕನೆಯ ಸಲ ಎತ್ತಿದ ಗುಮಾಸ್ತರು ತಗ್ಗಿದ ದನಿಯಲ್ಲಿ, "ನಾನು ಬರೆದುಕೊಡಲಾರೆ ಅಮ್ಮ. ಆಗ ಅವರು ನೋಂದಣಿ ಮಾಡಿಸಿದ್ದ ಮಂಡಳಿಗೆ ಬರೆಯಿರಿ" ಎಂದರು. ಮಂಡಳಿಯ ಉತ್ತರ ಬಂತು. ಆಸ್ಪತ್ರೆಯ ಔಷಧವನ್ನೇ ತಮ್ಮ ಮೈಗೆ ಚುಚ್ಚಿಕೊಂಡು ಸಿಕ್ಕಿಬಿದ್ದು, ಅಮಾನತಾಗಿ, ಚಿಕಿತ್ಸೆ ಪಡೆದು ಮರಳಿದವರು ಅವರು. ಅಮಾನತಿನ ಅವಧಿ ಮುಗಿದಿತ್ತು, ಆದ್ದರಿಂದ ಪುಟ ಶುಭ್ರವಾಗಿತ್ತು.

ಮುಂದೆ ನಡೆದದ್ದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಆಯ್ಕೆ ಸಮಿತಿ ಅವರನ್ನು ಕರೆದು ಕೇಳಿತು. ಅವರು ಒಂದನ್ನೂ ಮುಚ್ಚಿಡದೆ ಹೇಳಿದರು. ಔಷಧದ ಬೀರುವಿನ ಕೀಲಿ ಅವರೊಬ್ಬರ ಕೈಗೆ ಸಿಗಬಾರದು, ಉಳಿದ ಔಷಧವನ್ನು ಚೆಲ್ಲುವಾಗ ಇನ್ನೊಬ್ಬರ ಸಹಿ ಬೇಕು ಎಂಬ ಷರತ್ತಿನ ಮೇಲೆ ಕೆಲಸ ಕೊಟ್ಟರು. ನಾನು ನಿವೃತ್ತಳಾಗುವವರೆಗೂ ಅವರು ಅಲ್ಲೇ ಇದ್ದರು, ಒಂದು ದೂರೂ ಬರಲಿಲ್ಲ. ಹಿಂದಿನ ಶಿಸ್ತುಕ್ರಮವನ್ನು ತೋರಿಸಿದರೆ ವೈದ್ಯರ ಬದುಕೇ ಹಾಳಾಗುತ್ತದೆ ಎಂದು ವಾದಿಸುವವರನ್ನು ಕಂಡಾಗ ನನಗೆ ಆ ಕೀಲಿ ನೆನಪಾಗುತ್ತದೆ. ನಮಗೆ ಗೊತ್ತಿದ್ದುದರಿಂದಲೇ ಅವರಿಗೆ ಕೆಲಸ ಕೊಡಲು ಸಾಧ್ಯವಾಯಿತು.

ಬ್ರಿಟನ್ನಿನ ಪಟ್ಟಿಗೇ ಮರಳುತ್ತೇನೆ, ಏಕೆಂದರೆ ಅದರ ಇನ್ನೊಂದು ಪಾಠ ಇದಕ್ಕಿಂತ ದೊಡ್ಡದು. ಜೋಲಿಯಾ ಅಲೆಮಿ ಎಂಬಾಕೆ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ವೈದ್ಯಕೀಯ ಪದವಿ ಇದೆ ಎಂದು ನಕಲಿ ಪ್ರಮಾಣಪತ್ರವನ್ನೂ, ಅದನ್ನು ದೃಢೀಕರಿಸುವ ನಕಲಿ ಪತ್ರವನ್ನೂ ಕೊಟ್ಟು 1995ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿ ಪಡೆದಳು. ಕೆಲವು ಕಾಮನ್‌ವೆಲ್ತ್ ದೇಶಗಳ ಪದವೀಧರರಿಗೆ ಪರೀಕ್ಷೆಯಿಲ್ಲದೆ ನೋಂದಣಿ ಕೊಡುವ ದಾರಿಯೊಂದು ಆಗ ಇತ್ತು. 2003ರಲ್ಲಿ ಅದನ್ನು ಮುಚ್ಚಿದರು. ಸುಮಾರು ಎರಡು ದಶಕ ಆಕೆ ಮನೋವೈದ್ಯೆಯಾಗಿ ದುಡಿದಳು. ವೃದ್ಧ ರೋಗಿಯೊಬ್ಬರ ಉಯಿಲನ್ನು ತಿದ್ದಿದ್ದಕ್ಕೆ 2018ರಲ್ಲಿ ಜೈಲಿಗೆ ಹೋದ ಮೇಲೆ, ಪತ್ರಿಕೆಯ ವರದಿಗಾರರೊಬ್ಬರು ಆಕ್ಲೆಂಡ್ ವಿಶ್ವವಿದ್ಯಾಲಯವನ್ನು ವಿಚಾರಿಸಿದರು. ಆಕೆ ಅಲ್ಲಿ ವೈದ್ಯಕೀಯ ಪದವಿಯನ್ನು ಮುಗಿಸಿಯೇ ಇರಲಿಲ್ಲ. ಅದೇ ದಾರಿಯಿಂದ ಬಂದಿದ್ದ ಸುಮಾರು 3,000 ವೈದ್ಯರ ದಾಖಲೆಗಳನ್ನು ಮತ್ತೆ ಪರಿಶೀಲಿಸಬೇಕಾಯಿತು. 2023ರಲ್ಲಿ ಆಕೆಗೆ ಏಳು ವರ್ಷ ಶಿಕ್ಷೆಯಾಯಿತು.

ಅಷ್ಟೂ ವರ್ಷ ಯಾವ ರೋಗಿ ಹುಡುಕಿದ್ದರೂ ಆಕೆಯ ಹೆಸರು ಪಟ್ಟಿಯಲ್ಲಿ ಸಿಗುತ್ತಿತ್ತು. ಅದು ಪಟ್ಟಿಯ ಪುಟದ ದೋಷವಲ್ಲ, ಬಾಗಿಲಲ್ಲಿ ನಿಂತು ನೋಡಬೇಕಾದವರದು. ಅರ್ಜಿದಾರರೇ ತಂದುಕೊಟ್ಟ ಪತ್ರವನ್ನು ನಂಬಬಾರದು, ಪತ್ರ ಕೊಟ್ಟವರನ್ನೇ ನೇರವಾಗಿ ಕೇಳಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಇದನ್ನು ಮೂಲದಲ್ಲೇ ಪರಿಶೀಲಿಸುವುದು ಎನ್ನುತ್ತೇವೆ. ಒಂದು ವಿಚಾರಣೆಯ ಪತ್ರ ಸಾಕಾಗುತ್ತಿತ್ತು.

ಆಸ್ಟ್ರೇಲಿಯಾದಲ್ಲಿ ಆರೋಗ್ಯ ವೃತ್ತಿಗಳ ನೋಂದಣಿ ನೋಡಿಕೊಳ್ಳುವ ಅಹ್‌ಪ್ರಾ ಎಂಬ ಸಂಸ್ಥೆಯ ಪಟ್ಟಿ ನನಗೆ ಎಲ್ಲಕ್ಕಿಂತ ಹಿಡಿಸಿತು. 2010ರವರೆಗೆ ಅಲ್ಲಿ ಒಂದೊಂದು ರಾಜ್ಯಕ್ಕೆ, ಒಂದೊಂದು ವೃತ್ತಿಗೆ ಬೇರೆ ಬೇರೆ ಮಂಡಳಿಗಳಿದ್ದವು. ಅಂದಿನಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ. ಇಂದು 16 ವೃತ್ತಿಗಳು ಅದರಡಿ ಇವೆ: ವೈದ್ಯರು, ನರ್ಸ್‌ಗಳು, ದಂತವೈದ್ಯರು, ಔಷಧ ವಿತರಕರು, ಫಿಸಿಯೋಥೆರಪಿಸ್ಟ್‌ಗಳು, ಮನಶ್ಶಾಸ್ತ್ರಜ್ಞರು, 2018ರಿಂದ ಆಂಬುಲೆನ್ಸ್‌ನ ತುರ್ತು ಚಿಕಿತ್ಸಕರೂ ಸೇರಿ. ಶಸ್ತ್ರಚಿಕಿತ್ಸೆಗೆ ಹೋದವರನ್ನು ಶಸ್ತ್ರವೈದ್ಯರೊಬ್ಬರೇ ನೋಡಿಕೊಳ್ಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಡ್ರಿಪ್ ಬದಲಾಯಿಸುವವರು, ಮೂರನೆಯ ದಿನ ಎಬ್ಬಿಸಿ ನಡೆಸುವವರು, ಎಲ್ಲರನ್ನೂ ಒಂದೇ ಪೆಟ್ಟಿಗೆಯಲ್ಲಿ ಹುಡುಕಬಹುದು. ನೋಂದಣಿ ಯಾವತ್ತು ಮುಗಿಯುತ್ತದೆ, ಯಾವ ಷರತ್ತುಗಳಿವೆ, ಛೀಮಾರಿ ಬಿದ್ದಿದೆಯೇ ಎಂಬುದು ಅದೇ ಪುಟದಲ್ಲಿದೆ. ನೋಂದಣಿ ರದ್ದಾದವರ ಪಟ್ಟಿಯೂ ಪ್ರತ್ಯೇಕವಾಗಿದೆ. ಈ ಕೊನೆಯದು ಮುಖ್ಯ, ಏಕೆಂದರೆ ಹುಡುಕಿದ ಹೆಸರು ಸಿಗದಿದ್ದಾಗ ಅಕ್ಷರ ತಪ್ಪಾಯಿತೋ ವೈದ್ಯರನ್ನೇ ತೆಗೆದುಹಾಕಿದ್ದಾರೋ ಎಂದು ರೋಗಿಗೆ ತಿಳಿಯಬೇಕು.

ಆ ದೇಶ ಇದಕ್ಕೆ ಬಹಳ ಕಷ್ಟಪಟ್ಟು ಬಂದಿದೆ. ಜಯಂತ್ ಪಟೇಲ್ ಎಂಬ ಶಸ್ತ್ರವೈದ್ಯರಿಗೆ 2000ದಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಮಂಡಳಿ ಕೆಲವು ಶಸ್ತ್ರಚಿಕಿತ್ಸೆಗಳಿಗೆ ನಿರ್ಬಂಧ ಹಾಕಿತ್ತು. 2001ರಲ್ಲಿ ಅವರು ನ್ಯೂಯಾರ್ಕ್ ಪರವಾನಗಿಯನ್ನು ಒಪ್ಪಿಸಿದ್ದರು. 2003ರಲ್ಲಿ ಕ್ವೀನ್ಸ್‌ಲೆಂಡಿನ ಬಂಡಬರ್ಗ್‌ನಲ್ಲಿ ಕೆಲಸಕ್ಕೆ ಸೇರಿದರು. ಆರೆಗಾನ್‌ನ ಪ್ರಮಾಣಪತ್ರದಲ್ಲೇ ಆದೇಶವೊಂದು ಇದೆ, ಲಗತ್ತನ್ನು ನೋಡಿ ಎಂದು ಬರೆದಿತ್ತು. ಲಗತ್ತು ಇರಲಿಲ್ಲ. ಲಗತ್ತು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಈ ವಿಷಯವನ್ನು ಮೊದಲ ಸಲ ಓದಿದ ದಿನ ನಾನು ನನ್ನ ಮೇಜಿನ ಮೇಲಿದ್ದ ಕಡತಗಳನ್ನೆಲ್ಲ ಮತ್ತೆ ಬಿಚ್ಚಿ, "ಲಗತ್ತು" ಎಂದಿರುವ ಕಡೆಯೆಲ್ಲ ಲಗತ್ತು ಇದೆಯೇ ಎಂದು ನೋಡಿದ್ದೆ. ಬಂಡಬರ್ಗ್ ಆಸ್ಪತ್ರೆಯ ತೀವ್ರ ನಿಗಾ ಘಟಕದ ನರ್ಸ್ ಟೋನಿ ಹಾಫ್‌ಮನ್ ಪಟೇಲರ ಶಸ್ತ್ರಚಿಕಿತ್ಸೆಗಳ ಬಗ್ಗೆ ಮತ್ತೆ ಮತ್ತೆ ದೂರು ಕೊಟ್ಟರು. 2005ರಲ್ಲಿ ವಿಷಯ ಹೊರಬಿದ್ದಾಗ ಹೆಡ್ಲಿ ಥಾಮಸ್ ಎಂಬ ಪತ್ರಕರ್ತ ಗೂಗಲ್‌ನಲ್ಲಿ ಹೆಸರು ಹಾಕಿ ಹುಡುಕಿದರು. ಅಮೆರಿಕದ ಶಿಸ್ತುಕ್ರಮಗಳು ಅಲ್ಲೇ ಕಂಡವು. ಪಟೇಲರ ಮೇಲಿನ ನರಹತ್ಯೆಯ ತೀರ್ಪನ್ನು ಅಲ್ಲಿನ ಹೈಕೋರ್ಟ್ 2012ರಲ್ಲಿ ರದ್ದುಪಡಿಸಿತು ಎಂಬುದನ್ನೂ ಹೇಳಬೇಕು. ಹಿಂದಿನದನ್ನು ಮುಚ್ಚಿಟ್ಟು ನೋಂದಣಿ ಮತ್ತು ಕೆಲಸ ಪಡೆದ ವಂಚನೆಯ ಆರೋಪವನ್ನು ಅವರು 2013ರಲ್ಲಿ ಒಪ್ಪಿಕೊಂಡರು.

ಅಮೆರಿಕದಲ್ಲಿ ವೈದ್ಯರಿಗೆ ಪರವಾನಗಿ ಕೊಡುವ ಮಂಡಳಿಗಳು 70ರ ಸುಮಾರಿಗಿವೆ, ಒಂದೊಂದು ರಾಜ್ಯದ್ದೂ ಒಂದೊಂದು ಪುಟ. ಅವುಗಳ ಒಕ್ಕೂಟ ನಡೆಸುವ ಡಾಕ್‌ಇನ್ಫೋ ಎಂಬ ಸೇವೆ ಎಲ್ಲವನ್ನೂ ಒಂದೆಡೆ ತರುತ್ತದೆ: ಎಲ್ಲಿ ಓದಿದರು, ಯಾವ ರಾಜ್ಯಗಳಲ್ಲಿ ಪರವಾನಗಿ ಇದೆ, ಎಲ್ಲಾದರೂ ಮಂಡಳಿಯ ಕ್ರಮ ಆಗಿದೆಯೇ. ರಾಜ್ಯದಿಂದ ರಾಜ್ಯಕ್ಕೆ ಹಾರುವ ವೈದ್ಯರನ್ನು ಹುಡುಕಲು ಇದು ಬಹಳ ಉಪಯುಕ್ತ. ಆದರೆ ಇದಕ್ಕಿಂತ ಹೆಚ್ಚು ತಿಳಿದಿರುವ ಇನ್ನೊಂದು ಭಂಡಾರ ಅಲ್ಲಿದೆ. 1986ರ ಕಾನೂನಿನಡಿ 1990ರ ಸೆಪ್ಟೆಂಬರ್‌ನಲ್ಲಿ ಶುರುವಾದ ನ್ಯಾಷನಲ್ ಪ್ರಾಕ್ಟಿಷನರ್ ಡೇಟಾ ಬ್ಯಾಂಕ್. ನಿರ್ಲಕ್ಷ್ಯಕ್ಕೆ ಕೊಟ್ಟ ಪರಿಹಾರ, ಆಸ್ಪತ್ರೆಗಳು ವೈದ್ಯರಿಂದ ಕಿತ್ತುಕೊಂಡ ಚಿಕಿತ್ಸೆಯ ಅಧಿಕಾರ, ಎಲ್ಲ ಅದರಲ್ಲಿದೆ. ಆಸ್ಪತ್ರೆಗಳು ನೋಡಬಹುದು, ಮಂಡಳಿಗಳು ನೋಡಬಹುದು. ರೋಗಿ ಹೆಸರು ಹಾಕಿ ನೋಡುವಂತಿಲ್ಲ. ಇದನ್ನು ನಾನು ಒಪ್ಪಲಾರೆ. ಯಾರ ಮೈಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತದೋ ಅವರೊಬ್ಬರನ್ನೇ ಹೊರಗಿಟ್ಟ ದಾಖಲೆ ಅದು.

ಇನ್ನು ಆಸ್ಪತ್ರೆಗಳು ವರದಿ ಮಾಡದಿದ್ದರೆ ಆ ಭಂಡಾರವೂ ಬರಿದೇ. ಟೆಕ್ಸಸ್‌ನಲ್ಲಿ ಕ್ರಿಸ್ಟೋಫರ್ ಡಂಚ್ ಎಂಬ ನರ ಶಸ್ತ್ರವೈದ್ಯ ರೋಗಿಗಳನ್ನು ಊನಗೊಳಿಸುತ್ತ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದ. ಮೊದಲ ಆಸ್ಪತ್ರೆ ಆತ ತಾನಾಗಿ ರಾಜೀನಾಮೆ ಕೊಡಲು ಬಿಟ್ಟಿತು, ಭಂಡಾರಕ್ಕೆ ವರದಿ ಹೋಗಲಿಲ್ಲ. 2013ರಲ್ಲಿ ಪರವಾನಗಿ ಹೋಯಿತು, 2017ರಲ್ಲಿ ಜೀವಾವಧಿ ಶಿಕ್ಷೆ ಆಯಿತು. "ಸ್ವಂತ ಇಚ್ಛೆಯಿಂದ ರಾಜೀನಾಮೆ" ಎಂಬ ಮೂರು ಪದಗಳನ್ನು ಕಡತದಲ್ಲಿ ಕಂಡಾಗಲೆಲ್ಲ ನಾವು ಫೋನ್ ಎತ್ತಿಕೊಳ್ಳುತ್ತಿದ್ದುದು ಇಂಥ ಭಯದಿಂದಲೇ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಒಂದು ಒಳ್ಳೆಯ ನಿಯಮ ತಂದಿದೆ: ಲೈಂಗಿಕ ದುರ್ವರ್ತನೆಯಂಥ ಗಂಭೀರ ತಪ್ಪಿಗಾಗಿ ಮಂಡಳಿಯ ನಿಗಾದಲ್ಲಿರುವ ವೈದ್ಯರು ಅದನ್ನು ತಾವೇ ರೋಗಿಗೆ ಮುಂಚೆ ತಿಳಿಸಬೇಕು.

ನರ್ಸ್‌ಗಳ ಪರವಾನಗಿ ನೋಡಲು ಅಮೆರಿಕದಲ್ಲಿ ನರ್ಸಿಸ್ ಎಂಬ ಸೇವೆಯಿದೆ, ಉಚಿತ. ಆದರೆ 2023ರ ಜನವರಿಯಲ್ಲಿ ಹೊರಬಂದ ಫ್ಲಾರಿಡಾ ಪ್ರಕರಣ ನೆನಪಿರಲಿ: 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾಗಳನ್ನು ಮಾರಲಾಗಿತ್ತು. ಅವುಗಳನ್ನು ಕೊಂಡವರಲ್ಲಿ ಹಲವರು ನಂತರ ಪರೀಕ್ಷೆ ಬರೆದು ಪರವಾನಗಿ ಪಡೆದರು. ಅಲ್ಲಿ ಪರವಾನಗಿ ಅಸಲಿ, ಅದರ ಬುಡ ನಕಲಿ.

ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪುಟದಲ್ಲಿ ಭಾರತೀಯ ವೈದ್ಯಕೀಯ ನೋಂದಣಿ ಪಟ್ಟಿಯನ್ನು ಹೆಸರಿನಿಂದ, ನೋಂದಣಿ ಸಂಖ್ಯೆಯಿಂದ, ರಾಜ್ಯ ವೈದ್ಯಕೀಯ ಪರಿಷತ್ತಿನ ಮೂಲಕ ಹುಡುಕಬಹುದು. ಪದವಿ, ವಿಶ್ವವಿದ್ಯಾಲಯ, ನೋಂದಣಿಯಾದ ವರ್ಷ ಸಿಗುತ್ತವೆ. ಹೆಸರಿನಿಂದ ಹುಡುಕಿದರೆ ಒಂದೇ ಹೆಸರಿನವರ ಸಾಲುಗಟ್ಟಲೆ ಪಟ್ಟಿ ಬರುತ್ತದೆ, ಆದ್ದರಿಂದ ಸಂಖ್ಯೆ ಹಿಡಿದೇ ಹುಡುಕಿ. ಆ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ. 2002ರ ವೃತ್ತಿ ನಡಾವಳಿ ನಿಯಮಗಳ ಪ್ರಕಾರ ವೈದ್ಯರು ಅದನ್ನು ಕ್ಲಿನಿಕ್ಕಿನಲ್ಲಿ ಪ್ರದರ್ಶಿಸಬೇಕು. ಔಷಧ ಚೀಟಿ, ಪ್ರಮಾಣಪತ್ರ, ರಸೀದಿಗಳ ಮೇಲೂ ಬರೆಯಬೇಕು. ಎಲ್ಲ ದೇಶಗಳೂ ಎರವಲು ಪಡೆಯಬೇಕಾದ ನಿಯಮ ಇದು. 2019ರ ಕಾಯ್ದೆಯ 31ನೆಯ ಕಲಮಿನಂತೆ ಆಗಬೇಕಿದ್ದ ರಾಷ್ಟ್ರೀಯ ನೋಂದಣಿ ಪೋರ್ಟಲ್ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ಅದರಲ್ಲಿ ವೈದ್ಯರ ಗುರುತನ್ನು ಆಧಾರ್ ಮೂಲಕ ದೃಢಪಡಿಸುತ್ತಾರೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಚಿಕಿತ್ಸೆ ಕೊಡುವುದನ್ನು ತಡೆಯಲು ಇದು ಸರಿಯಾದ ಹೆಜ್ಜೆ.

ಆ ಅಪಾಯ ಎಲ್ಲ ಕಡೆಯೂ ಇದೆ. ಕೆನಡಾದಲ್ಲಿ ಒಬ್ಬಾಕೆ ನಿಜವಾದ ನರ್ಸ್ ಒಬ್ಬರ ಹೆಸರನ್ನೇ ಇಟ್ಟುಕೊಂಡು ಆಸ್ಪತ್ರೆಯಲ್ಲಿ ಕೆಲಸ ಮಾಡಿದಳು. ಪಟ್ಟಿಯಲ್ಲಿ ಆ ಹೆಸರಿತ್ತು, ಮುಖ ಇರಲಿಲ್ಲ. ನಾನು ನೋಡಿದ ಪುಟಗಳಲ್ಲಿ ಕಂಡ ದೊಡ್ಡ ಕೊರತೆ ಇದು: ಭಾವಚಿತ್ರ ಇಲ್ಲ.

ಓದಿದ ಕಾಲೇಜಿನ ಬಗ್ಗೆ ಅನುಮಾನವಿದ್ದರೆ ವೈದ್ಯಕೀಯ ಕಾಲೇಜುಗಳ ವಿಶ್ವ ಕೋಶ ಎಂಬಂತಿರುವ ವರ್ಲ್ಡ್ ಡೈರೆಕ್ಟರಿ ಆಫ್ ಮೆಡಿಕಲ್ ಸ್ಕೂಲ್ಸ್ ನೋಡಬಹುದು. 2014ರಿಂದ ಇದೆ, ಉಚಿತ. ಆದರೆ ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಕಾಲೇಜಿಗೆ ಮಾನ್ಯತೆ ಇದೆ ಎಂದಲ್ಲ, ಆ ಪುಟವೇ ಹಾಗೆ ಹೇಳುತ್ತದೆ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಕಾಲೇಜುಗಳ ವರದಿ ಬರೆದದ್ದು ಅವುಗಳ ಪ್ರಯೋಗಾಲಯಗಳಿಗೆ ಕಾಲಿಟ್ಟು ನೋಡಿ. ಕಾಲೇಜಿನ ಗುಣವನ್ನು ದೂರದಿಂದ ತಿಳಿಯುವ ಪುಟ ಇನ್ನೂ ಬಂದಿಲ್ಲ.

ಐದಕ್ಕೆ ಅಂಕ ಕೊಡಬೇಕೆಂದರೆ ಅಹ್‌ಪ್ರಾಗೆ ನಾಲ್ಕೂವರೆ, ಬ್ರಿಟನ್ನಿನ ಪಟ್ಟಿಗೆ ನಾಲ್ಕು, ಡಾಕ್‌ಇನ್ಫೋಗೆ ಮೂರೂವರೆ, ಭಾರತದ ಪಟ್ಟಿಗೆ ಮೂರು. ಹಳೆಯ ಶಿಸ್ತುಕ್ರಮಗಳೂ ಅದೇ ಪುಟದಲ್ಲಿ ಕಾಣುವಂತಾದರೆ ಭಾರತದ ಪಟ್ಟಿಯ ಅಂಕವನ್ನು ನಾನೇ ಮೊದಲು ಏರಿಸುತ್ತೇನೆ.

ತಂಗಿಯ ಶಸ್ತ್ರವೈದ್ಯರ ಹೆಸರು ಮೊದಲ ದಿನ ಸಿಗಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು. "ಅವರ ನೋಂದಣಿ ಸಂಖ್ಯೆಯನ್ನೇ ಕೇಳಿಬಿಡು. ನೀವು ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ ಎಂದೂ ಕೇಳು" ಎಂದು ಅವಳಿಗೆ ಹೇಳಿದೆ. "ಅಯ್ಯೋ ಅಕ್ಕ, ಬೇಸರ ಮಾಡಿಕೊಂಡರೆ?" ಎಂದಳು. ಆದರೂ ಕೇಳಿದಳು. ಅವರು ಬೇಸರ ಮಾಡಿಕೊಳ್ಳಲಿಲ್ಲವಂತೆ. ಅವಳ ಎಕ್ಸ್‌ರೇ ಲಕೋಟೆಯ ಹಿಂದೆ ಸಂಖ್ಯೆಯನ್ನು ತಮ್ಮ ಕೈಯಿಂದಲೇ ಬರೆದು, ಅದರ ಕೆಳಗೆ ಮೂರು ಆಸ್ಪತ್ರೆಗಳ ಹೆಸರನ್ನೂ ವರ್ಷಗಳನ್ನೂ ಬರೆದು, "ನಿಮ್ಮ ಅಕ್ಕನಿಗೆ ಕಳುಹಿಸಿ" ಎಂದರಂತೆ. ತಂಗಿ ಫೋಟೋ ತೆಗೆದು ಕಳುಹಿಸಿದಳು. ಪೆನ್ಸಿಲ್ ಹಿಡಿದು ವರ್ಷಗಳನ್ನು ಒಂದರ ಕೆಳಗೆ ಒಂದು ಬರೆದುಕೊಂಡೆ. ನಡುವೆ ಒಂದು ತಿಂಗಳೂ ಖಾಲಿ ಇರಲಿಲ್ಲ. ಶಸ್ತ್ರಚಿಕಿತ್ಸೆ ಬರುವ ಮಂಗಳವಾರ.